ಹೆಂಚಿನ ಮೇಲೆ 1865 ಎಂದು ಅಚ್ಚಿದೆ: ಮಂಗಳೂರು ಹೆಂಚಿನ ಚರಿತ್ರೆ ತಿಳಿದವರು ಹೇಳಿ

ಪ್ರಶ್ನೆ: ಮಲೆನಾಡ ಮನೆ

ನಮಸ್ಕಾರ ಎಲ್ಲರಿಗೂ. ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಹಳೆಯ ಮನೆಯ ಮಾಡು ರಿಪೇರಿಗೆ ಬಂದಿದೆ. ಪಕ್ಕಾಸುಗಳಿಗೆ ಗೆದ್ದಲು ಹಿಡಿದು ಪಡುವಣ ಬದಿಯ ಹೆಂಚನ್ನೆಲ್ಲ ಇಳಿಸಬೇಕಾಯಿತು. ಪಾಚಿ ಉಜ್ಜಿ ತೆಗೆದಾಗ ಹಲವು ಹೆಂಚುಗಳ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು’ ಎಂದೂ ಜೊತೆಗೆ 1865 ಎಂದೂ ಅಚ್ಚೊತ್ತಿರುವುದು ಕಾಣಿಸಿತು. ಕೆಲವದರ ಮೇಲೆ ‘ಕಾಮನ್‌ವೆಲ್ತ್’ ಎಂದಿದೆ. ಉಳಿದವು ಬೇರೆ ಬೇರೆ ಕಾರ್ಖಾನೆಗಳವು, ಅಕ್ಷರ ಸವೆದುಹೋಗಿದೆ.

ಮನೆ ಕಟ್ಟಿಸಿದ್ದು ತಮ್ಮ ಅಜ್ಜ ಎಂದು ನಮ್ಮ ದೊಡ್ಡಪ್ಪ ಹೇಳುತ್ತಾರೆ. ಆ ಲೆಕ್ಕಕ್ಕೆ 1865 ಹೊಂದುವುದಿಲ್ಲ. ಇವು ಜರ್ಮನಿಯಿಂದ ಹಡಗಿನಲ್ಲಿ ಬಂದ ಹೆಂಚುಗಳು ಎಂದು ಊರಿನಲ್ಲಿ ಮಾತಿದೆ, ಅದು ನಿಜವೇ? ಈ ಕಸುಬು ಮಂಗಳೂರಿನಲ್ಲೇ ಬೇರೂರಿದ್ದು ಯಾಕೆ? ಇನ್ನೊಂದು ವಿಷಯ. ಕೆಲಸ ಹಿಡಿದಿರುವ ಮೇಸ್ತ್ರಿ ಹೆಂಚೆಲ್ಲ ಬಿಟ್ಟು ಶೀಟು ಹಾಕಿ ಎನ್ನುತ್ತಾರೆ. ಹಳೆಯ ಹೆಂಚನ್ನು ಸಗಟಾಗಿ ಕೊಳ್ಳುತ್ತೇವೆಂದು ಬೆಂಗಳೂರಿನಿಂದ ಒಬ್ಬರು ಫೋನು ಮಾಡುತ್ತಲೇ ಇದ್ದಾರೆ. ಚರಿತ್ರೆ ತಿಳಿದ ಮೇಲೆ ತೀರ್ಮಾನ ಮಾಡೋಣ ಎಂದುಕೊಂಡಿದ್ದೇನೆ.

ಉತ್ತರ: ಕಟ್ಟಡ ಕೆಲಸ

ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಆ ಕ್ರೈಸ್ತ ಮಿಷನ್ನಿನಲ್ಲಿ ಜರ್ಮನರು ಹೆಚ್ಚು ಇದ್ದುದರಿಂದ ಜರ್ಮನಿಯ ಹೆಂಚು ಎಂಬ ಹೆಸರು ಬಂದಿರಬೇಕು. ಮೊದಲ ಕಾರ್ಖಾನೆ 1860ರಲ್ಲಿ ಎಂದು ಅಲ್ಲಲ್ಲಿ ಓದಿದ್ದೇನೆ, 1865 ಎಂದೂ ಓದಿದ್ದೇನೆ. ಮಂಗಳೂರಿನವರು ಯಾರಾದರೂ ಬಿಡಿಸಿ ಹೇಳಲಿ. ಮಾಡಿನ ಕೆಲಸದ ಬಗ್ಗೆ ಆಮೇಲೆ ನಾನು ಬರೆಯುತ್ತೇನೆ.

ಉತ್ತರ: ಹೊಳೆಬದಿ

ಮೇಡಂ, ಮೊದಲು ನೇರ ಉತ್ತರ. 1865 ನಿಮ್ಮ ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಆರಂಭವಾದ ವರ್ಷ. ಆ ಅಂಕಿಯನ್ನು ಅಚ್ಚಿನಲ್ಲೇ ಕೊರೆದಿದ್ದರು. ಹಾಗಾಗಿ ಎಷ್ಟೋ ದಶಕ ಕಳೆದ ಮೇಲೆ ಹೊರಬಂದ ಹೆಂಚಿನ ಮೇಲೂ ಅದೇ 1865 ಇರುತ್ತದೆ. 1860 ಎಂಬ ವರ್ಷ ಬರಹದಿಂದ ಬರಹಕ್ಕೆ ಸಾಗಿ ಬಂದಿದೆ. ಆದರೆ ಕಾರ್ಖಾನೆಯವರೇ ತಮ್ಮ ಲಕ್ಷಾಂತರ ಹೆಂಚುಗಳ ಮೇಲೆ ಒತ್ತಿದ ವರ್ಷಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ನಿಮ್ಮ ಹೆಂಚು ಹಡಗಿನಲ್ಲಿ ಬಂದದ್ದೂ ಅಲ್ಲ. ಅದು ಹುಟ್ಟಿದ್ದು ನೇತ್ರಾವತಿ ದಡದ ಜೆಪ್ಪುವಿನಲ್ಲಿ, ನಮ್ಮ ನದಿಗಳ ಮಣ್ಣಿನಲ್ಲಿ.

ನಾನು ಆ ದಡದಲ್ಲೇ ಬೆಳೆದವನು. ನನ್ನ ಅಮ್ಮ ಹೆಂಚಿನ ಕಾರ್ಖಾನೆಯಲ್ಲಿ ಅಂಚು ಕೆರೆಯುವ ಕೆಲಸ ಮಾಡುತ್ತಿದ್ದರು. ನಾನೂ ಬಹಳ ಕಾಲ ಒಂದು ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡಿನ ವಿಭಾಗದಲ್ಲಿ ಲೆಕ್ಕ ಬರೆದಿದ್ದೇನೆ. ಮಂಗಳೂರು ಹೆಂಚಿನ ಮಾತು ಬಂದಾಗಲೆಲ್ಲ ಒಬ್ಬ ಜರ್ಮನ್ ತಂತ್ರಜ್ಞನ ಹೆಸರು ಹೇಳಿ ಕೈತೊಳೆದುಕೊಳ್ಳುವುದು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಹೆಸರನ್ನು ಗೌರವದಿಂದಲೇ ಹೇಳಬೇಕು, ಹೇಳುತ್ತೇನೆ. ಆದರೆ ಮಾತು ಅಲ್ಲಿಗೇ ನಿಲ್ಲಬಾರದು.

ಈ ಕಾರ್ಖಾನೆ ಬರುವುದಕ್ಕಿಂತ ಹಿಂದೆ ತುಳುನಾಡಿನಲ್ಲಿ ಬಡವರ ಮನೆಗೆ ಮುಳಿಹುಲ್ಲು, ತೆಂಗಿನ ಗರಿ. ಅನುಕೂಲವಿದ್ದವರಿಗೆ ನಾಡ ಹೆಂಚು. ನಿಮ್ಮ ಕಡೆ ಅಡಿಕೆ ಸೋಗೆ ಇತ್ತು. ನಾಡ ಹೆಂಚನ್ನು ಮಾಡುತ್ತಿದ್ದವರು ಕುಂಬಾರರು, ನಮ್ಮ ತುಳುವಿನಲ್ಲಿ ಓಡಾರಿಗಳು. ತಿಗರಿಯ ಮೇಲೆ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾದ ಕೊಳವೆ ಎತ್ತುವುದು, ಹಸಿ ಇರುವಾಗಲೇ ಉದ್ದಕ್ಕೆ ಗೀರು ಹಾಕುವುದು, ಒಣಗುತ್ತ ಬಂದಾಗ ಎರಡು ಹೋಳು ಮಾಡುವುದು. ಒಂದು ಸಾಲನ್ನು ಅಂಗಾತ, ಅದರ ಮೇಲೆ ಇನ್ನೊಂದು ಸಾಲನ್ನು ಬೋರಲು ಹೊದಿಸಿದರೆ ಮಾಡು ಸಿದ್ಧ. ನೋಡಲು ಬಹಳ ಚೆಂದ. ಆದರೆ ಹೆಂಚಿಗೂ ಹೆಂಚಿಗೂ ಹಿಡಿತವಿಲ್ಲ. ಮಂಗ ಹಾರಿದರೆ, ಬೆಕ್ಕು ಓಡಿದರೆ, ಗಾಳಿ ಜೋರಾದರೆ ಜರುಗುತ್ತದೆ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸದೆ ಗತಿಯಿಲ್ಲ. ಎರಡು ಪದರ ಬೇಕಾದ್ದರಿಂದ ಮಾಡಿನ ಭಾರವೂ ಹೆಚ್ಚು, ಮರವೂ ಹೆಚ್ಚು.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು, ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇವರಿಂದಲೇ ಎಂಬುದು ನಿಮಗೆಲ್ಲ ಗೊತ್ತಿದೆ. ಹೆಂಚಿಗೂ ಆ ಮುದ್ರಣಾಲಯಕ್ಕೂ ನಂಟಿದೆ. ನಾನು ಮೇಲೆ ಹೇಳಿದ ಜರ್ಮನ್ ತಂತ್ರಜ್ಞ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿಗೆ ಬಂದದ್ದು ಮುದ್ರಣದ ಕೆಲಸಕ್ಕೆ. ಯಂತ್ರ ಬಲ್ಲವರು, ಕೈ ಸುಮ್ಮನಿಡದವರು. ಇಲ್ಲಿನ ಮಣ್ಣನ್ನು ಪರೀಕ್ಷಿಸಿ, ಹೆಂಚು ಒತ್ತುವ ವಿದ್ಯೆಯನ್ನು ಕೈವಶ ಮಾಡಿಕೊಂಡು ಜೆಪ್ಪುವಿನಲ್ಲಿ ಕಾರ್ಖಾನೆ ಎಬ್ಬಿಸಿದರು. ಮಿಷನ್ನಿಗೆ ಅದರ ಅಗತ್ಯವೂ ಇತ್ತು. ಕ್ರೈಸ್ತ ಧರ್ಮಕ್ಕೆ ಸೇರಿದವರಲ್ಲಿ ಅನೇಕರಿಗೆ ಹಳೆಯ ಕಸುಬೂ ಗೇಣಿಯ ಗದ್ದೆಯೂ ಒಟ್ಟಿಗೇ ಕೈತಪ್ಪುತ್ತಿದ್ದವು, ಅವರಿಗೆ ದುಡಿಮೆ ಬೇಕಿತ್ತು. ನೇಯ್ಗೆಯನ್ನೂ ಹೆಂಚನ್ನೂ ಮಿಷನ್ ಕೈಗೆತ್ತಿಕೊಂಡದ್ದು ಆ ಕಾರಣಕ್ಕೆ. ಮುಂದೆ ಎಲ್ಲ ಜಾತಿಮತದವರೂ ಅಲ್ಲಿ ದುಡಿದರು.

ಹೆಂಚಿನ ಮಾದರಿ ಮಾತ್ರ ಮಂಗಳೂರಿನದೂ ಅಲ್ಲ, ಜರ್ಮನಿಯದೂ ಅಲ್ಲ. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ, ಅಂದರೆ ಬದಿಯ ತೋಡಿನಲ್ಲಿ, ಕೂರುವ ಚಪ್ಪಟೆ ಹೆಂಚಿಗೆ 1841ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು. ಆ ಬಗೆಯ ಹೆಂಚು ಮುಂದೆ ಮಾರ್ಸೇಲ್ ಬಂದರಿನಿಂದ ಜಗತ್ತಿನ ಎಲ್ಲೆಡೆಗೆ ಹೋಯಿತು. ಅಲ್ಸಾಸ್‌ಗೂ ಬಾಸೆಲ್‌ಗೂ ಬಹಳ ದೂರವಿಲ್ಲ. ನೀರು ಇಳಿಯಲು ಎರಡು ಕಾಲುವೆ, ಬದಿಯಲ್ಲಿ ಹಿಡಿತ, ಅಡಿಯಲ್ಲಿ ರೀಪಿಗೆ, ಅಂದರೆ ಹೆಂಚು ಹೊರುವ ಮರದ ಅಡ್ಡಪಟ್ಟಿಗೆ, ಸಿಕ್ಕಿಸುವ ಮೂಗು. ಇಷ್ಟರಿಂದ ಒಂದೇ ಪದರದಲ್ಲಿ ಮಳೆ ತಡೆಯಲು ಸಾಧ್ಯವಾಯಿತು. ಕರಾವಳಿಯ ಮಳೆಗೆ ಇದು ಎಷ್ಟು ಹೊಂದಿತೆಂದರೆ ಇಲ್ಲಿಗೆಂದೇ ಹುಟ್ಟಿದ ಹಾಗೆ ಜನ ಅದನ್ನು ಒಪ್ಪಿಕೊಂಡರು.

ಇನ್ನು ಯಾಕೆ ಮಂಗಳೂರು? ನೇತ್ರಾವತಿ, ಗುರುಪುರ ಎರಡು ಹೊಳೆಗಳು ಇಲ್ಲಿ ಸಮುದ್ರ ಸೇರುತ್ತವೆ. ಅವುಗಳ ಬದಿಯ ತಗ್ಗು ಗದ್ದೆಗಳಲ್ಲಿ ಸಾವಿರಾರು ವರ್ಷಗಳಿಂದ ತಂಗಿದ ನುಣುಪು ಜೇಡಿಯಿದೆ. ಅದರಲ್ಲಿ ಕಬ್ಬಿಣದ ಅಂಶ ಇರುವುದರಿಂದಲೇ ಸುಟ್ಟಾಗ ಕೆಂಪು. ಸುಗ್ಗಿ ಮುಗಿದ ಮೇಲೆ ಗದ್ದೆಯಿಂದ ಅಗೆದ ಮಣ್ಣು ದೋಣಿಯಲ್ಲಿ ಕಾರ್ಖಾನೆಯ ಕಟ್ಟೆಗೇ ಬರುತ್ತಿತ್ತು. ಸೌದೆಯೂ ದೋಣಿಯಲ್ಲಿ ಬರುತ್ತಿತ್ತು. ಬೆಂದ ಹೆಂಚು ಅದೇ ಹೊಳೆಯಲ್ಲಿ ಹಳೆ ಬಂದರಿಗೆ ಹೋಗಿ ಮಂಜಿ ಎಂಬ ಹಾಯಿಹಡಗುಗಳನ್ನು ಏರುತ್ತಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಹೆಂಚು ಮುಂಬಯಿ, ಸಿಲೋನು, ಬರ್ಮಾ, ಆಫ್ರಿಕದ ಪೂರ್ವ ತೀರವನ್ನೆಲ್ಲ ಮುಟ್ಟಿ ಆಗಿತ್ತು. ನಿಮ್ಮ ತೀರ್ಥಹಳ್ಳಿಗೆ ಅದು ಆಗುಂಬೆ ಘಾಟಿಯ ಮೇಲೆ ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಹತ್ತಿ ಬಂದಿರಬೇಕು. ನಡುವೆ ಹುಲ್ಲು ತುಂಬಿ, ನಿಲ್ಲಿಸಿ ಜೋಡಿಸಿ ಹೇರುತ್ತಿದ್ದರು. ಮಲಗಿಸಿದರೆ ಕೆಳಗಿನವು ಒಡೆಯುತ್ತವೆ. ನೀವು ಅಂಗಳದಲ್ಲಿ ಪೇರಿಸಿಟ್ಟಿದ್ದರೆ ಅವನ್ನೂ ದಯವಿಟ್ಟು ನಿಲ್ಲಿಸಿಯೇ ಇಡಿ.

ಈಗ ಕೆಲಸದ ಮಾತು. ಒಂದೇ ಜಾಗದ ಮಣ್ಣಿನಿಂದ ಹೆಂಚು ಆಗುವುದಿಲ್ಲ. ಅಂಟು ಜಾಸ್ತಿಯಾದರೆ ಒಣಗುವಾಗ ಸೊಟ್ಟಗಾಗಿ ಬಿರಿಯುತ್ತದೆ, ಮರಳು ಜಾಸ್ತಿಯಾದರೆ ನೀರು ಕುಡಿಯುತ್ತದೆ. ಎರಡು ಮೂರು ಬಗೆಯ ಮಣ್ಣನ್ನು ಹದವಾಗಿ ಬೆರೆಸಬೇಕು. ಆ ಹದ ಹೇಳುತ್ತಿದ್ದವರು ಬೆರಳ ನಡುವೆ ಉಜ್ಜಿ, ನಾಲಿಗೆಯ ತುದಿಗೂ ಹಚ್ಚಿ ನೋಡುತ್ತಿದ್ದ ಹಿರಿಯ ಕೆಲಸಗಾರರು. ಮಣ್ಣು ಅರೆಯುವ ಯಂತ್ರವನ್ನು ಮೊದಲಿಗೆ ಎತ್ತುಗಳು ತಿರುಗಿಸುತ್ತಿದ್ದವು, ಮುಂದೆ ಉಗಿ ಬಂತು, ವಿದ್ಯುತ್ತು ಬಂತು. ಅರೆದ ಮಣ್ಣು ದಪ್ಪ ಪಟ್ಟಿಯಾಗಿ ಹೊರಬರುತ್ತದೆ, ಅದನ್ನು ತಂತಿಯಲ್ಲಿ ಕತ್ತರಿಸಿ ತುಂಡು ಮಾಡಿ, ಎಣ್ಣೆ ಸವರಿದ ಅಚ್ಚಿನ ನಡುವೆ ಒತ್ತುತ್ತಾರೆ.

ಅಚ್ಚಿನಿಂದ ಬಿದ್ದ ಹೆಂಚು ಇನ್ನೂ ಹಸಿ. ಸುತ್ತಲೂ ಹೆಚ್ಚಾದ ಮಣ್ಣು ಹೊರಚೆಲ್ಲಿರುತ್ತದೆ. ಇಲ್ಲಿಂದ ಅದು ಹೆಂಗಸರ ಕೈಗೆ ಬರುತ್ತದೆ. ಅಮ್ಮ ಅದನ್ನು ಮರದ ಹಲಗೆಯ ಮೇಲೆ ತೆಗೆದುಕೊಂಡು ನಾಲ್ಕೂ ಬದಿಯ ಹೆಚ್ಚುವರಿ ಮಣ್ಣನ್ನು ಕತ್ತರಿಸಿ, ಗಾಡಿಯೊಳಗೆ ಬೆರಳು ಓಡಿಸಿ ಸ್ವಚ್ಛ ಮಾಡುತ್ತಿದ್ದರು. ಬೆರಳು ಎಲ್ಲಿ ಊರಬೇಕು ಎಂಬುದಕ್ಕೆ ಲೆಕ್ಕವಿತ್ತು. ನಡುವೆ ಊರಿದರೆ ತಗ್ಗು ಬೀಳುತ್ತದೆ, ಮೂಲೆಯಲ್ಲಿ ಎತ್ತಿದರೆ ತಿರುಚುತ್ತದೆ. ತಿರುಚಿದ್ದು ಹಸಿಯಲ್ಲಿ ಕಾಣಿಸುವುದಿಲ್ಲ, ಬೆಂದ ಮೇಲೆ ಮಾಡಿನ ಮೇಲೆ ಕೂರುವುದಿಲ್ಲ. ಹಾಗಾಗಿ ಎರಡೂ ಅಂಗೈಯನ್ನು ಉದ್ದ ಬದಿಗಳ ಅಡಿಗೆ ಕೊಟ್ಟು, ಮೂಗಿನ ಹತ್ತಿರ ಹೆಬ್ಬೆರಳು ತಾಗಿಸಿ, ಹಲಗೆಯ ಸಮೇತ ಎತ್ತಿ ಒಣಗುವ ಅಟ್ಟಳಿಗೆಗೆ ಸಾಗಿಸುವುದು. ನಿಮ್ಮ ಹೆಂಚುಗಳನ್ನು ಮಗುಚಿ ನೋಡಿ. ಮೂಗಿನ ಆಸುಪಾಸಿನಲ್ಲಿ ಕೆಲವದರ ಮೇಲಾದರೂ ಹೆಬ್ಬೆರಳಿನ ಗುರುತು ಸಿಗುತ್ತದೆ. ಅಚ್ಚಿನಲ್ಲಿ ಕಾರ್ಖಾನೆಯ ಹೆಸರಿದೆ, ಊರಿನ ಹೆಸರಿದೆ, ವರ್ಷವಿದೆ. ದುಡಿದವರದ್ದೆಂದು ಉಳಿದಿರುವುದು ಆ ಬೆರಳ ಗುರುತು ಒಂದೇ. ಕೂಲಿ ಕಡಿಮೆ, ದಿನ ಉದ್ದ. ದಕ್ಷಿಣ ಕನ್ನಡದ ಕಾರ್ಮಿಕ ಸಂಘಟನೆಗಳು ಬಲವಾದದ್ದು ಬೀಡಿ ಕಟ್ಟುವವರಿಂದ ಮತ್ತು ಇದೇ ಹೆಂಚಿನ ಕೆಲಸಗಾರರಿಂದ. ಅದನ್ನೂ ಈ ಚರಿತ್ರೆಯೊಳಗೇ ಬರೆಯಬೇಕು.

ಸುಡುವುದು ಹಾಫ್‌ಮನ್ ಗೂಡಿನಲ್ಲಿ. ಪ್ರಷ್ಯದ ಫ್ರೆಡ್ರಿಕ್ ಹಾಫ್‌ಮನ್ 1858ರಲ್ಲಿ ಪೇಟೆಂಟ್ ಪಡೆದ ಗೂಡು ಅದು. ಸುತ್ತಲೂ ಕೋಣೆಗಳ ಸಾಲು, ನಡುವೆ ಎತ್ತರದ ಚಿಮಣಿ. ಬೆಂಕಿ ಆರುವುದೇ ಇಲ್ಲ, ಒಂದು ಕೋಣೆಯಿಂದ ಮುಂದಿನದಕ್ಕೆ ಸರಿಯುತ್ತ ಹೋಗುತ್ತದೆ. ಬೆಂದ ಕೋಣೆ ತಣಿಯುವಾಗ ಅದರ ಶಾಖವೇ ಮುಂದಿನ ಹಸಿ ಹೆಂಚನ್ನು ಬೆಚ್ಚಗೆ ಮಾಡುತ್ತದೆ. ಗೂಡಿನ ಮೇಲಿನ ಅಟ್ಟಗಳಲ್ಲೂ ಹೆಂಚು ಒಣಗುತ್ತಿರುತ್ತದೆ, ಹಾಗಾಗಿ ಜಡಿಮಳೆಯಲ್ಲೂ ಕೆಲಸ ನಿಲ್ಲದು. ಶಾಖ ಸುಮಾರು 900 ಡಿಗ್ರಿ ಸೆಲ್ಸಿಯಸ್. ಹಳಬರು ಯಾವ ಮಾಪಕವನ್ನೂ ನಂಬುತ್ತಿರಲಿಲ್ಲ. ಮೇಲಿನ ತೂತಿನ ಮುಚ್ಚಳ ಸರಿಸಿ ಒಳಗಿನ ಬಣ್ಣ ನೋಡಿ ‘ಇನ್ನೊಂದು ಸೌದೆ’ ಎನ್ನುತ್ತಿದ್ದರು. ನಾನು ಲೆಕ್ಕದ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತು ನೋಡಿದ್ದೇನೆ, ಆ ಕಣ್ಣಿನ ಅಂದಾಜು ತಪ್ಪುತ್ತಿದ್ದುದು ಅಪರೂಪ.

ಮಿಷನ್ನಿನ ಕಾರ್ಖಾನೆಗಳು ಜೆಪ್ಪುವಿನ ಬಳಿಕ ಕಲ್ಲಿಕೋಟೆ (1873), ಕುದ್ರೋಳಿ (1882), ಮಲ್ಪೆ (1886), ಕೊಡಕ್ಕಲ್ (1887), ಪಾಲಕ್ಕಾಡು (1888), ಫೆರೋಕ್ (1905) ಎಂದು ಕರಾವಳಿಯಲ್ಲೂ ಒಳನಾಡಿನಲ್ಲೂ ಹಬ್ಬಿದವು. ಊರಿನವರೂ ಕೈಕಟ್ಟಿ ಕೂರಲಿಲ್ಲ. 1868ರಲ್ಲೇ ಆಲ್ಬುಕರ್ಕ್ ಮನೆತನದ ಕಾರ್ಖಾನೆ ಶುರುವಾಯಿತು, ಮಿಷನ್ನಿನದಾದ ಮೂರೇ ವರ್ಷಕ್ಕೆ. ಆಮೇಲೆ ಎಲ್ಲ ಸಮುದಾಯದವರೂ ಈ ಉದ್ಯಮಕ್ಕೆ ಇಳಿದರು, ಹೊಳೆಯ ಎರಡೂ ದಡಗಳಲ್ಲಿ ಚಿಮಣಿಗಳು ಎದ್ದವು.

1914ರಲ್ಲಿ ಯುದ್ಧ ಬಂತು. ಬ್ರಿಟಿಷ್ ಸರ್ಕಾರಕ್ಕೆ ಜರ್ಮನರು ಶತ್ರುಗಳಾದರು. ಅವರಲ್ಲಿ ಅನೇಕರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಇಟ್ಟರು, ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. 1919ರಲ್ಲಿ ಅವನ್ನು ನಡೆಸಲು ಕಾಮನ್‌ವೆಲ್ತ್ ಟ್ರಸ್ಟ್ ಹುಟ್ಟಿತು. ನಿಮ್ಮ ಎರಡನೆಯ ಮುದ್ರೆ ಇದರದ್ದು. ಅಂದರೆ ಮಿಷನ್ನಿನ ಹೆಸರಿನ ಹೆಂಚು ಸಾಮಾನ್ಯವಾಗಿ ಆ ಯುದ್ಧಕ್ಕಿಂತ ಹಿಂದಿನದು, ಕಾಮನ್‌ವೆಲ್ತ್ ಎಂದಿರುವುದು ಆಮೇಲಿನದು. ಹಾಗೆಂದು ಮನೆಯ ವಯಸ್ಸನ್ನು ಹೆಂಚಿನಿಂದ ನಿರ್ಧರಿಸಬೇಡಿ. ಹೆಂಚು ಒಂದು ಮಾಡಿನಿಂದ ಇನ್ನೊಂದು ಮಾಡಿಗೆ ಹೋಗುವ ವಸ್ತು. ಮನೆ ಕೆಡವಿದವರಿಂದ ಕೊಂಡು ಹೊದಿಸುವುದು ಮೊದಲಿನಿಂದಲೂ ನಡೆದುಬಂದಿದೆ. ನಿಮ್ಮಲ್ಲಿ ಇಷ್ಟೊಂದು ಬಗೆಯ ಮುದ್ರೆಗಳು ಸೇರಿಕೊಂಡಿರುವುದಕ್ಕೂ ಅದೇ ಕಾರಣವಿದ್ದೀತು.

ಉತ್ತರ: ಕುಂದಾಪುರದಿಂದ

ಹೊಳೆಬದಿ ಸರ್, ಓದಿ ತುಂಬ ಸಂತೋಷವಾಯಿತು. ನಮ್ಮ ಕುಂದಾಪುರವನ್ನೂ ಸೇರಿಸಿಕೊಳ್ಳಿ. ಪಂಚಗಂಗಾವಳಿಯ ಹಿನ್ನೀರಿನ ಬದಿಯಲ್ಲಿ ನಮ್ಮಲ್ಲಿಯೂ ಹೆಂಚಿನ ಕಾರ್ಖಾನೆಗಳು ಬಹಳ ಇದ್ದವು. ನನ್ನ ಮಾವ ಗೂಡು ತುಂಬುವ ಕೆಲಸದಲ್ಲಿದ್ದರು. ಹಸಿ ಹೆಂಚನ್ನು ನಡುವೆ ಗಾಳಿ ಆಡುವಷ್ಟು ಸಂದು ಬಿಟ್ಟು ಜೋಡಿಸುವುದೇ ದೊಡ್ಡ ವಿದ್ಯೆ ಎನ್ನುತ್ತಿದ್ದರು. ಒತ್ತಾಗಿ ಜೋಡಿಸಿದರೆ ನಡುವಿನವು ಬೇಯುವುದಿಲ್ಲವಂತೆ. ಈಗ ಕೆಲವು ಕಡೆ ಚಿಮಣಿ ಮಾತ್ರ ಉಳಿದಿದೆ, ಹೊರಗಿನವರು ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಕಾರ್ಖಾನೆಗಳು ಇಷ್ಟು ಬೇಗ ಮುಚ್ಚಿದ್ದು ಯಾಕೆ ಎಂದು ನೀವು ಬರೆಯಲಿಲ್ಲ.

ಉತ್ತರ: ಹೊಳೆಬದಿ

ಕಾರಣಗಳು ಒಂದರ ಹಿಂದೆ ಒಂದು ಬಂದವು. ಕಾಂಕ್ರೀಟಿನ ತಾರಸಿ ಬಂದಾಗ ಹೆಂಚಿನ ಮನೆ ಎಂದರೆ ಬಡತನ ಎಂಬ ಭಾವನೆ ಬೆಳೆಯಿತು, ಮದುವೆ ಸಂಬಂಧ ನೋಡಲು ಬಂದವರೂ ತಾರಸಿ ಇದೆಯೇ ಎಂದು ಕೇಳುವ ಕಾಲ ಬಂತು. ಮಾಡಿಗೆ ಬೇಕಾದ ಮರ ದುಬಾರಿಯಾಯಿತು. ಸೌದೆಗೆ ಕಟ್ಟುಪಾಡು ಬಂತು, ಗದ್ದೆಯ ಮಣ್ಣು ಅಗೆಯುವುದಕ್ಕೂ ಬಂತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆಳವಾಗಿ ಅಗೆದು ಬಿಟ್ಟ ಗದ್ದೆಗಳಲ್ಲಿ ನೀರು ನಿಂತು ಬೇಸಾಯ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಗರ ಬೆಳೆದು ಹೊಳೆಬದಿಯ ನೆಲಕ್ಕೆ ಬೆಲೆ ಬಂದಾಗ, ಹೆಂಚು ಸುಟ್ಟು ಗಳಿಸುವುದಕ್ಕಿಂತ ನೆಲ ಮಾರುವುದೇ ಲಾಭ ಎಂದು ಅನೇಕ ಮಾಲೀಕರಿಗೆ ಅನ್ನಿಸಿತು. ಕಾರ್ಖಾನೆ ಮುಚ್ಚಿದಾಗ ಕೆಲಸಗಾರರಿಗೆ ಸಲ್ಲಬೇಕಾದದ್ದು ಎಲ್ಲ ಕಡೆಯೂ ನೆಟ್ಟಗೆ ಸಲ್ಲಲಿಲ್ಲ. ಅಮ್ಮನ ಜೊತೆಗೆ ದುಡಿದ ಹೆಂಗಸರು ಬಾಕಿಗಾಗಿ ವರ್ಷಗಟ್ಟಲೆ ಓಡಾಡಿದರು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ನಿಮ್ಮ ಮಾವನವರ ಮಾತು ನೂರಕ್ಕೆ ನೂರು ನಿಜ. ಗೂಡು ತುಂಬುವವರನ್ನು ಬೆಂಕಿಯವರಷ್ಟೇ ಮರ್ಯಾದೆಯಿಂದ ನೋಡುತ್ತಿದ್ದರು. ಅವರು ಈಗಲೂ ಮಾತನಾಡುವ ಸ್ಥಿತಿಯಲ್ಲಿದ್ದರೆ ಕುಳಿತು ಬರೆದುಕೊಳ್ಳಿ, ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದಿಡಿ. ಮಿಷನ್ನಿನ ಕಾಗದಪತ್ರ, ಛಾಯಾಚಿತ್ರಗಳು ಬಾಸೆಲ್‌ನ ದಾಖಲಾಗಾರದಲ್ಲಿ ಭದ್ರವಾಗಿವೆ, ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲೂ ಇವೆ. ಗೂಡು ತುಂಬಿದವರ ಅನುಭವ ಅಲ್ಲಿ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು: ಮಲೆನಾಡ ಮನೆ

ಹೊಳೆಬದಿ ಸರ್, ನಿಮ್ಮ ಉತ್ತರವನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ತಕ್ಷಣ ಅಂಗಳಕ್ಕೆ ಬಂದು ಹೆಂಚು ಮಗುಚಿ ನೋಡತೊಡಗಿದರು. ಒಂದರ ಮೂಗಿನ ಪಕ್ಕ ಬೆರಳ ಗುರುತು ಸ್ಪಷ್ಟವಾಗಿದೆ. ಆ ಬೆಂಗಳೂರಿನವರಿಗೆ ಕೊಡುವುದಿಲ್ಲ ಎಂದು ಹೇಳಿಬಿಟ್ಟೆವು.

ಇನ್ನು ಎರಡು ಸಂದೇಹ. ಕೆಲವು ಹೆಂಚು ಕಪ್ಪುಗೆಂಪಾಗಿ ಸ್ವಲ್ಪ ಸೊಟ್ಟಗಿವೆ, ಕೆಲವು ತೆಳು ಕಿತ್ತಳೆ ಬಣ್ಣದವು. ಯಾವುದನ್ನು ಇಟ್ಟುಕೊಳ್ಳಬೇಕು? ಒಡೆದವಕ್ಕೆ ಬದಲಾಗಿ ಹೊಸ ಹೆಂಚು ತಂದು ಬೆರೆಸಬಹುದೇ?

ಉತ್ತರ: ಕಟ್ಟಡ ಕೆಲಸ

ಇದಕ್ಕೆ ನಾನು ಹೇಳಬಲ್ಲೆ. ಮಂಗಳೂರು ಮಾದರಿಯ ಹೆಂಚಿಗೆ ಐಎಸ್ 654 ಎಂಬ ಭಾರತೀಯ ಮಾನಕವಿದೆ. ಅದರಲ್ಲಿ ಎಎ ಮತ್ತು ಎ ಎಂದು ಎರಡು ದರ್ಜೆ. ನೀರು ಹೀರುವಿಕೆ ಮೊದಲನೆಯದಕ್ಕೆ ಶೇ 18, ಎರಡನೆಯದಕ್ಕೆ ಶೇ 20 ಮೀರಬಾರದು. ಮನೆಯಲ್ಲೇ ನೋಡಬಹುದು. ಚೆನ್ನಾಗಿ ಒಣಗಿದ ಹೆಂಚನ್ನು ತೂಗಿ, ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ಎರಡೂವರೆ ಕಿಲೋ ತೂಗುವ ಹೆಂಚು ಅರ್ಧ ಕಿಲೋಗಿಂತ ಹೆಚ್ಚು ನೀರು ಕುಡಿದರೆ ಅದನ್ನು ಮಾಡಿಗೆ ಏರಿಸಬೇಡಿ. ತೆಳು ಕಿತ್ತಳೆಯವು ಬಹುಶಃ ಅರೆಬೆಂದವು, ಪಾಚಿ ಹಿಡಿಯುವುದೂ ಪದರ ಏಳುವುದೂ ಅವುಗಳಲ್ಲೇ ಹೆಚ್ಚು.

ಶೀಟಿನ ಬಗ್ಗೆ ನನ್ನ ಅಭಿಪ್ರಾಯ: ಮರ ಗಟ್ಟಿಯಿದ್ದರೆ ಬೇಡ. ಶೀಟಿನ ಕೆಳಗೆ ಮಧ್ಯಾಹ್ನದ ಸೆಕೆಯೂ ಮಳೆಯ ಸದ್ದೂ ತಡೆಯಲಾರಿರಿ. ಹೆಂಚಿನ ಸಂದುಗಳಲ್ಲಿ ಗಾಳಿ ಆಡುತ್ತದೆ, ಬಿಸಿ ಒಳಗೆ ನಿಲ್ಲುವುದಿಲ್ಲ.

ಉತ್ತರ: ಹೊಳೆಬದಿ

ಮೇಲಿನವರು ಹೇಳಿದ್ದು ಸರಿ. ನಾವು ಕಾರ್ಖಾನೆಯಲ್ಲಿ ಮಾಡುತ್ತಿದ್ದ ಪರೀಕ್ಷೆ ಇನ್ನೂ ಸುಲಭ. ಒಂದು ಕೈಯಲ್ಲಿ ಹೆಂಚನ್ನು ತೂಗುಹಾಕಿದಂತೆ ಹಿಡಿದು ಬೆರಳ ಗೆಣ್ಣಿನಿಂದ ಬಡಿಯಿರಿ. ಠಣ್ ಎಂದರೆ ಚೆನ್ನಾಗಿ ಬೆಂದಿದೆ. ಮಂಕಾಗಿ ಲೊಟ್ಟೆ ಎಂದರೆ ಒಳಗೆ ಬಿರುಕಿದೆ ಅಥವಾ ಬೆಂದಿಲ್ಲ. ಕಪ್ಪುಗೆಂಪಿನವು ಬೆಂಕಿಗೆ ಹತ್ತಿರವಿದ್ದು ಹೆಚ್ಚು ಬೆಂದವು, ಬಹಳ ಗಟ್ಟಿ. ಸೊಟ್ಟ ಕಡಿಮೆಯಿದ್ದರೆ ಅವನ್ನು ಬಿಸಾಡಬೇಡಿ, ಸೂರಿನ ಕೊನೆಯ ಸಾಲಿಗೆ ಹಾಕಿ. ನೀರೆಲ್ಲ ಹರಿದು ಬರುವುದು ಅಲ್ಲಿಗೇ. ಅರೆಬೆಂದವನ್ನು ಸೌದೆ ಕೊಟ್ಟಿಗೆಗೆ ಬಳಸಿ. ತೊಳೆಯಲು ನೀರು, ತೆಂಗಿನ ನಾರು ಸಾಕು. ಆಸಿಡ್ ಬೇಡ. ಕೆಂಪು ಬಣ್ಣ ಬಳಿಯಿರಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ, ಆ ಮಣ್ಣಿಗೆ ತನ್ನದೇ ಬಣ್ಣವಿದೆ.

ಹೊಸದನ್ನು ಬೆರೆಸುವುದರಲ್ಲಿ ತೊಡಕಿದೆ. ಹಸಿ ಹೆಂಚು ಒಣಗಿ ಬೇಯುವಷ್ಟರಲ್ಲಿ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದು ಮಣ್ಣಿನ ಮೇಲೆ ನಿಂತಿದೆ. ಒಂದೊಂದು ಕಾರ್ಖಾನೆಯ ಮಣ್ಣಿನ ಹದ ಒಂದೊಂದು ಬಗೆ, ಅಚ್ಚೂ ಕೂದಲೆಳೆಯಷ್ಟು ಬೇರೆ. ಮಾನಕದಲ್ಲೇ 410×235, 420×250, 425×260 ಮಿಲಿಮೀಟರ್ ಎಂದು ಮೂರು ಅಳತೆಗಳಿವೆ. ಒಂದೇ ಸಾಲಿನಲ್ಲಿ ಎರಡು ಕಾರ್ಖಾನೆಯ ಹೆಂಚು ಬೆರೆತರೆ ಗಾಡಿಯೊಳಗೆ ಅಂಚು ಕೂರುವುದಿಲ್ಲ, ಗಾಳಿಮಳೆಗೆ ಅಲ್ಲೇ ನೀರು ನುಗ್ಗುತ್ತದೆ.

ಆದ್ದರಿಂದ ಮೊದಲು ಮುದ್ರೆ ನೋಡಿ ಬೇರೆ ಬೇರೆ ರಾಶಿ ಮಾಡಿ. ಅಕ್ಷರ ಸವೆದವನ್ನು ಅಳತೆ ನೋಡಿ ಸೇರಿಸಿ. ಎಣಿಕೆಗೆ ನೂರು ಚದರ ಅಡಿಗೆ ಸುಮಾರು 150 ಹೆಂಚು ಎಂದು ಹಿಡಿಯಿರಿ. ಪಡುವಣದ ಮಾಡಿಗೆ ಮಳೆಯ ಹೊಡೆತ ಜಾಸ್ತಿ, ಅಲ್ಲಿಗೆ ಒಂದೇ ಮುದ್ರೆಯ, ಠಣ್ ಎನ್ನುವ ಹೆಂಚು ಮಾತ್ರ ಹಾಕಿ. ಉಳಿದ ರಾಶಿಗಳು ಮೂಡಣಕ್ಕೆ, ಜಗಲಿಗೆ, ಕೊಟ್ಟಿಗೆಗೆ. ಮೂಲೆ ಹೆಂಚು ಒಡೆದಿದ್ದರೆ ಹಳೆಯ ಮನೆ ಬಿಚ್ಚುವವರ ಹತ್ತಿರ ವಿಚಾರಿಸಿ, ಅದಕ್ಕೆ ಮುದ್ರೆ ಹೊಂದಬೇಕೆಂಬ ಕಟ್ಟುಪಾಡಿಲ್ಲ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ.

ಹೊಸ ರೀಪು ಹೊಡೆಯುವ ಮೊದಲು ಬಡಗಿಯವರಿಗೆ ಒಂದು ಮಾತು ಹೇಳಿ. ಅಂತರವನ್ನು ಅಭ್ಯಾಸದ ಅಳತೆಯಿಂದ ಹಾಕಬಾರದು. ನೀವು ಆ ಬದಿಗೆಂದು ಆರಿಸಿದ ರಾಶಿಯಿಂದ ಹೆಂಚು ತೆಗೆದು, ನೆಲದ ಮೇಲೆ ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಸರಿಯಾಗಿ ಕೂರುವಂತೆ ಹತ್ತು ಹೆಂಚನ್ನು ಉದ್ದಕ್ಕೆ ಜೋಡಿಸಿ, ಮೊದಲ ಮೂಗಿನಿಂದ ಕೊನೆಯ ಮೂಗಿನವರೆಗೆ ಅಳೆದು ಒಂಬತ್ತರಿಂದ ಭಾಗಿಸಿ. ಬರುವ ಅಳತೆಯೇ ನಿಮ್ಮ ರೀಪಿನ ಅಂತರ. ಸಾಮಾನ್ಯವಾಗಿ ಅದು ಒಂದಡಿಗೆ ಸ್ವಲ್ಪ ಮೇಲೆ ಬರುತ್ತದೆ.